ಮಗನ ಕಂಪೆನಿಗೆ ತಂದೆಯ ರುಜು

ಈಚೆಗೆ ನಮ್ಮ ಕಚೇರಿಗೆ ವಾಚಕರೊಬ್ಬರು ದಯಮಾಡಿಸಿದ್ದರು. ಮುಂಬಯಿಯ ಕೋಟೆ ವಿಭಾಗದ ಹೊಟೇಲೊಂದರಲ್ಲಿ ಕಪ್ಪು-ಬಸಿ ತೊಳೆಯುವ ಕೆಲಸದಿಂದ ಆರಂಭಿಸಿ, ರಾತ್ರಿ ಶಾಲೆಯಲ್ಲಿ ಕಲಿತು, ಮೂವತ್ತು ವರ್ಷ ಅದೇ ಹೊಟೇಲಿನ ಗಲ್ಲೆಯ ಮೇಲೆ ಕುಳಿತು ನಿವೃತ್ತರಾದವರು. ಕೈಯಲ್ಲಿ ಇಪ್ಪತ್ತೆಂಟು ಪುಟಗಳ ಇಂಗ್ಲಿಷ್ ಕಾಗದದ ಕಟ್ಟು. “ಮಗ ಬೆಂಗಳೂರಿನಲ್ಲಿ ಕಂಪೆನಿ ತೆರೆಯುತ್ತಾನಂತೆ. ನನ್ನನ್ನು ಡೈರೆಕ್ಟರ್ ಮಾಡುತ್ತಾನಂತೆ. ಪ್ರಾವಿಡೆಂಟ್ ಫಂಡಿನಿಂದ ಎಂಟು ಲಕ್ಷ ಕೊಡಬೇಕಂತೆ. ರುಜು ಹಾಕಬಹುದೇ, ಹೇಳಿ ಸ್ವಾಮಿ” ಎಂದರು.

ಈ ಪ್ರಶ್ನೆ ಅವರೊಬ್ಬರದಲ್ಲವೆಂದು ನಮಗೆ ಕೂಡಲೇ ಹೊಳೆಯಿತು. ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈಗಳಲ್ಲಿ ಹೊಟೇಲಿನ ಅಡಿಗೆಮನೆಯಿಂದಲೂ ಕಚೇರಿಯ ಮೇಜಿನಿಂದಲೂ ಮಕ್ಕಳನ್ನು ಇಂಜಿನಿಯರಿಂಗ್ ಓದಿಸಿದ ನಮ್ಮವರು ಅಸಂಖ್ಯರು. ಆ ಮಕ್ಕಳಲ್ಲಿ ಕೆಲವರು ಈಗ ನೌಕರಿ ಹುಡುಕುವ ಬದಲು ಸ್ಟಾರ್ಟಪ್ ಎಂಬ ಹೊಸ ಬಗೆಯ ಉದ್ಯಮಕ್ಕೆ ಕೈಹಾಕುತ್ತಿದ್ದಾರೆ. ಇದು ಸಂತೋಷದ ಸಂಗತಿಯೇ. ಆದರೆ ಉದ್ಯಮ ಯಾವುದು, ಆಪ್ ಯಾವುದು ಎಂಬುದರ ಬಗ್ಗೆ ರಾತ್ರಿಯಿಡೀ ಚರ್ಚಿಸುವ ಈ ತರುಣರು, ಅದಕ್ಕೆ ಕಾನೂನಿನ ಯಾವ ಅಂಗಿ ತೊಡಿಸಬೇಕು, ಅದರ ಲಗಾಮು ಯಾರ ಕೈಯಲ್ಲಿರಬೇಕು ಎಂಬ ವಿಷಯವನ್ನು ಅರ್ಧ ಗಂಟೆಯಲ್ಲಿ ಮುಗಿಸಿಬಿಡುತ್ತಾರೆ. ಅಂಗಿಯ ಗುಂಡಿ ತಪ್ಪಿದ ಸಂಗತಿ ಗೊತ್ತಾಗುವುದು ಕೊನೆಯ ಗುಂಡಿಗೆ ಬಂದಾಗಲೇ.

ನಮ್ಮವರಿಗೆ ಚಿರಪರಿಚಿತವಾದ ಪದ್ಧತಿ ಪಾಲುದಾರಿಕೆ. ಊರಿನಿಂದ ಬಂದ ಇಬ್ಬರು ಮೂವರು, ಒಬ್ಬನ ದುಡ್ಡು, ಇನ್ನೊಬ್ಬನ ಕೈರುಚಿ, ಮತ್ತೊಬ್ಬನ ಓಡಾಟ ಎಂದು ಕೂಡಿಸಿಕೊಂಡು ಹೊಟೇಲು ಹಾಕಿದರು. ಸ್ವಂತ ಜಾಗ ದೊರೆಯದಿದ್ದಲ್ಲಿ ಬೇರೊಬ್ಬರ ಹೊಟೇಲನ್ನು ಕಂಡಕ್ಟಿಂಗಿಗೆ ಹಿಡಿದರು. ೧೯೩೨ರ ಪಾಲುದಾರಿಕೆ ಕಾಯಿದೆ ಇದಕ್ಕೆ ಆಧಾರ. ಅದರ ಪ್ರಕಾರ ಸಂಸ್ಥೆಯ ಸಾಲಕ್ಕೆ ಪ್ರತಿಯೊಬ್ಬ ಪಾಲುದಾರನೂ ಪೂರ್ತಿಯಾಗಿ ಬದ್ಧ. ಒಬ್ಬನು ವ್ಯಾಪಾರಕ್ಕೆಂದು ಮಾಡಿದ ಸಾಲಕ್ಕೆ ಇನ್ನೊಬ್ಬನ ಊರಿನ ಗದ್ದೆಯೂ ಉತ್ತರ ಹೇಳಬೇಕಾದೀತು. ಪಾಲುದಾರರ ನಡುವೆ ವಿಶ್ವಾಸವಿದ್ದಷ್ಟು ಕಾಲ ಇದಕ್ಕಿಂತ ಸುಲಭವಾದ ವ್ಯವಸ್ಥೆ ಬೇರೊಂದಿಲ್ಲ.

ಹಾಗೆಂದು ಕಂಪೆನಿ ಎಂಬುದು ನಮ್ಮವರಿಗೆ ಅಪರಿಚಿತವೆಂದೇನೂ ಅಲ್ಲ. ಉಡುಪಿಯಲ್ಲಿ ೧೯೦೬ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಬ್ಯಾಂಕು ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಯಿತು. ಅದೇ ಉಡುಪಿಯಲ್ಲಿ ೧೯೨೫ರಲ್ಲಿ ಎಂಟು ಸಾವಿರ ರೂಪಾಯಿಯ ಬಂಡವಾಳದಿಂದ ಹೊರಟದ್ದು ಸಿಂಡಿಕೇಟ್ ಬ್ಯಾಂಕ್. ೨೦೨೦ರಲ್ಲಿ ಇವೆರಡೂ ದೊಡ್ಡ ಬ್ಯಾಂಕುಗಳಲ್ಲಿ ವಿಲೀನವಾಗಿ ಹೆಸರು ಕಳೆದುಕೊಂಡವು. ಆ ವ್ಯಥೆಯನ್ನು ಇಲ್ಲಿ ತೋಡಿಕೊಳ್ಳುವುದಿಲ್ಲ. ಹತ್ತು ಜನರ ಹಣ ಸೇರಿಸಿ, ಲೆಕ್ಕ ಇಟ್ಟು, ಷೇರುದಾರನ ಮುಂದೆ ನಿಂತು ಉತ್ತರ ಹೇಳುವ ವಿದ್ಯೆ ನಮ್ಮ ಊರಿನ ಹಿರಿಯರಿಗೆ ನೂರು ವರ್ಷಗಳ ಹಿಂದೆಯೇ ಸಿದ್ಧಿಸಿತ್ತು ಎಂಬುದನ್ನು ಜ್ಞಾಪಿಸಿದರೆ ಸಾಕು.

ಇಂದಿನ ತರುಣನ ಎದುರಿಗೆ ಮೂರು ನಾಲ್ಕು ದಾರಿಗಳಿವೆ. ಪಾಲುದಾರಿಕೆ ಒಂದು. ೨೦೦೮ರ ಕಾಯಿದೆಯಿಂದ ಬಂದ ಸೀಮಿತ ಹೊಣೆಯ ಪಾಲುದಾರಿಕೆ ಇನ್ನೊಂದು. ಅದರಲ್ಲಿ ಪಾಲುದಾರನ ಮನೆಮಠಕ್ಕೆ ಸಾಮಾನ್ಯವಾಗಿ ಕುತ್ತಿಲ್ಲ, ಖರ್ಚೂ ಕಡಿಮೆ. ೨೦೧೩ರ ಕಂಪೆನಿ ಕಾಯಿದೆಯು ಅನುಮತಿಸಿದ ಏಕವ್ಯಕ್ತಿ ಕಂಪೆನಿ ಮೂರನೆಯದು. ಪ್ರೈವೇಟ್ ಲಿಮಿಟೆಡ್ ಕಂಪೆನಿ ನಾಲ್ಕನೆಯದು. ಹೊರಗಿನವರ ಬಂಡವಾಳ ಬೇಡ, ಬಂದ ಲಾಭದಲ್ಲಿಯೇ ಬೆಳೆಯುತ್ತೇವೆ ಎನ್ನುವವರಿಗೆ ಮೊದಲಿನ ಮೂರರಲ್ಲಿ ಒಂದು ಸಾಕು. ಹಾಗಿದ್ದರೂ ಎಲ್ಲರೂ ನಾಲ್ಕನೆಯದಕ್ಕೇ ಏಕೆ ಧಾವಿಸುತ್ತಾರೆ? ಸಾಹಸ ಬಂಡವಾಳ ಹೂಡುವ ಸಂಸ್ಥೆಗಳಿಗೆ ಬೇಕಾದ ವಿಶೇಷ ಹಕ್ಕುಗಳ ಷೇರು ಪಾಲುದಾರಿಕೆಯಲ್ಲಿ ಹುಟ್ಟುವುದೇ ಇಲ್ಲ. ನೌಕರರಿಗೆ ಷೇರು ಕೊಡುವ ವ್ಯವಸ್ಥೆಯೂ ಅಲ್ಲಿಲ್ಲ. ಏಕವ್ಯಕ್ತಿ ಕಂಪೆನಿಯಲ್ಲಿ ಎರಡನೆಯ ಷೇರುದಾರನಿಗೆ ಜಾಗವಿಲ್ಲ. ಆದುದರಿಂದ ಪ್ರೈವೇಟ್ ಲಿಮಿಟೆಡ್. ಅದಕ್ಕೆ ಕನಿಷ್ಠ ಇಬ್ಬರು ಷೇರುದಾರರು, ಇಬ್ಬರು ನಿರ್ದೇಶಕರು ಬೇಕು. ಒಬ್ಬಂಟಿಯಾಗಿ ಹೊರಟ ಮಗನಿಗೆ ಎರಡನೆಯ ಹೆಸರಾಗಿ ತಂದೆಯ, ಇಲ್ಲವೆ ತಾಯಿಯ ನೆನಪಾಗುವುದು ಈ ಘಟ್ಟದಲ್ಲಿ.

ಈ ಎರಡನೆಯ ಹೆಸರಿನ ವಿಷಯಕ್ಕೆ ಮತ್ತೆ ಬರುತ್ತೇವೆ. ಮೊದಲು ಬಂಡವಾಳದ ಮಾತು.

ಸಾಹಸ ಬಂಡವಾಳಗಾರನು ಬಡ್ಡಿಗೆ ಸಾಲ ಕೊಡುವವನಲ್ಲ, ಷೇರು ಕೊಳ್ಳುವವನು. ಹತ್ತು ಕೋಟಿ ಕೊಟ್ಟು ನೂರಕ್ಕೆ ಇಪ್ಪತ್ತು ಪಾಲು ಪಡೆದನೆಂದು ಇಟ್ಟುಕೊಳ್ಳೋಣ. ಮರುದಿನ ಪತ್ರಿಕೆಯಲ್ಲಿ “ಐವತ್ತು ಕೋಟಿಯ ಕಂಪೆನಿ” ಎಂದು ಅಚ್ಚಾಗುತ್ತದೆ. ಊರಿನಲ್ಲಿ ಸಿಹಿ ಹಂಚುತ್ತಾರೆ. ಆದರೆ ಆತನು ಕೊಳ್ಳುವುದು ಸ್ಥಾಪಕನ ಬಳಿಯಿರುವಂಥ ಸಾಧಾರಣ ಷೇರನ್ನಲ್ಲ, ಆದ್ಯತೆಯ ಷೇರನ್ನು. ಕಂಪೆನಿ ಮಾರಾಟವಾದರೆ ತನ್ನ ಹತ್ತು ಕೋಟಿ ಮೊದಲು ತನಗೆ ಬರಬೇಕು, ಉಳಿದದ್ದು ಉಳಿದವರಿಗೆ, ಎಂಬ ಷರತ್ತು ಅದರೊಂದಿಗೆ ಇರುತ್ತದೆ. ನಾಲ್ಕು ವರ್ಷಗಳ ಅನಂತರ ಕಂಪೆನಿಯು ಹನ್ನೆರಡು ಕೋಟಿಗೆ ಮಾರಾಟವಾಯಿತೆನ್ನಿ. ನೂರಕ್ಕೆ ಇಪ್ಪತ್ತರ ಲೆಕ್ಕದಲ್ಲಿ ಹೂಡಿಕೆದಾರನಿಗೆ ಬರಬೇಕಾದದ್ದು ಎರಡು ಕೋಟಿ ನಲವತ್ತು ಲಕ್ಷ. ಷರತ್ತಿನ ಪ್ರಕಾರ ಬರುವುದು ಹತ್ತು ಕೋಟಿ. ಎಂಬತ್ತು ಪಾಲಿನ ಒಡೆಯರಾದ ಸ್ಥಾಪಕರೂ ನೌಕರರೂ ಮಿಕ್ಕ ಎರಡು ಕೋಟಿಯನ್ನು ಹಂಚಿಕೊಳ್ಳಬೇಕು. ಷರತ್ತು ಇನ್ನೂ ಕಟುವಾಗಿದ್ದರೆ, ಹತ್ತು ಕೋಟಿ ತೆಗೆದುಕೊಂಡ ಮೇಲೆ ಈ ಎರಡು ಕೋಟಿಯಲ್ಲಿಯೂ ನಲವತ್ತು ಲಕ್ಷ ಆತನಿಗೇ ಸಲ್ಲುತ್ತದೆ. ಐವತ್ತು ಕೋಟಿ ಎಂಬ ಅಂಕೆ ಹೂಡಿಕೆದಾರನ ವಿಶೇಷ ಷೇರಿನ ಬೆಲೆಯಿಂದ ಗುಣಿಸಿ ತೆಗೆದದ್ದು. ತಂದೆ ಕೊಂಡ ಸಾಧಾರಣ ಷೇರಿಗೂ ಅದೇ ಬೆಲೆಯೆಂದು ನಂಬುವುದು, ಪಕ್ಕದ ಅಂಗಡಿಯ ಬೋರ್ಡು ನೋಡಿ ನಮ್ಮ ಗಲ್ಲೆಯ ಹಣ ಎಣಿಸಿದಂತೆ.

ಪಾಲು ಕರಗುವ ಲೆಕ್ಕವೂ ಇದೆ. ಪ್ರತಿ ಸುತ್ತಿಗೆ ನೂರಕ್ಕೆ ಇಪ್ಪತ್ತರಂತೆ ಮೂರು ಸುತ್ತು ಹಣ ಎತ್ತಿದರೆ ಸ್ಥಾಪಕರ ನೂರು ಪಾಲು ಎಂಬತ್ತು, ಅರವತ್ತನಾಲ್ಕು, ಐವತ್ತೊಂದು ಎಂದು ಇಳಿಯುತ್ತದೆ. ನೌಕರರಿಗೆಂದು ಹತ್ತು ಪಾಲು ತೆಗೆದಿಟ್ಟರೆ ಉಳಿಯುವುದು ನಲವತ್ತಾರು. ಸಾಮಾನ್ಯ ನಿರ್ಣಯಕ್ಕೆ ಅರ್ಧಕ್ಕಿಂತ ಹೆಚ್ಚು ಮತ ಬೇಕು. ನಿಯಮಾವಳಿ ತಿದ್ದುವಂಥ ವಿಶೇಷ ನಿರ್ಣಯಕ್ಕೆ ನಾಲ್ಕರಲ್ಲಿ ಮೂರು ಪಾಲು ಬೇಕು. ನೂರಕ್ಕೆ ಇಪ್ಪತ್ತಾರು ಮತವಿರುವವನು ತಾನಾಗಿ ಏನನ್ನೂ ಮಾಡಿಸಲಾರನು, ಆದರೆ ಬಹಳಷ್ಟನ್ನು ತಡೆಯಬಲ್ಲನು. ನಿರ್ದೇಶಕನನ್ನು ಕೆಳಗಿಳಿಸಲು ಸಾಮಾನ್ಯ ನಿರ್ಣಯವೇ ಸಾಕಾಗುತ್ತದೆ. ತಾನು ಕಟ್ಟಿದ ಕಂಪೆನಿಯಿಂದ ತನ್ನನ್ನೇ ಹೊರಹಾಕಿದರೆಂದು ಗೋಳಾಡುವ ಸ್ಥಾಪಕನು, ಹಣ ಪಡೆಯುವ ದಿನ ಈ ಗಣಿತವನ್ನು ಮಾಡಿರುವುದಿಲ್ಲ.

ಇಷ್ಟು ಹೇಳಿದ್ದರಿಂದ ಬಂಡವಾಳಗಾರನೇ ಖಳನೆಂದು ವಾಚಕರು ಭಾವಿಸಬಾರದು. ಆತನು ಹೂಡುವ ಹಣವೂ ಬಹುಮಟ್ಟಿಗೆ ಪರರದೇ; ಎಂಟು ಹತ್ತು ವರ್ಷಗಳಲ್ಲಿ ಅದನ್ನು ಲಾಭಸಹಿತ ಹಿಂದಿರುಗಿಸುವ ಹೊಣೆ ಆತನ ತಲೆಯ ಮೇಲಿದೆ. ಹತ್ತರಲ್ಲಿ ಹಲವು ಉದ್ಯಮಗಳು ಮುಳುಗುತ್ತವೆಂದು ಬಲ್ಲವನು ರಕ್ಷಣೆ ಕೇಳುವುದು ಸಹಜ. ನಮ್ಮ ಅಭಿಪ್ರಾಯದಲ್ಲಿ, ಕೇಳಿದ್ದನ್ನು ಓದದೆ ಒಪ್ಪಿಕೊಳ್ಳುವುದೇ ತಪ್ಪು. ಅಷ್ಟೇ ಅಲ್ಲ, ಹೂಡಿಕೆದಾರನು ಮಂಡಳಿಯಲ್ಲಿ ಕುಳಿತು ಪ್ರಶ್ನೆ ಕೇಳುವುದು ಕಂಪೆನಿಗೆ ಒಳ್ಳೆಯದೇ. ಯಾರೂ ಪ್ರಶ್ನೆ ಕೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆಯಿದೆ.

ಬೈಜೂಸ್ ಎಂಬ ಪಾಠಗಳ ಕಂಪೆನಿಯ ಬೆಲೆಯನ್ನು ೨೦೨೨ರಲ್ಲಿ ಇಪ್ಪತ್ತೆರಡು ಶತಕೋಟಿ ಡಾಲರ್ ಎಂದು ಎಣಿಸಿದ್ದರು. ೨೦೨೩ರ ಜೂನ್ ತಿಂಗಳಲ್ಲಿ ಅದರ ಲೆಕ್ಕ ಪರಿಶೋಧಕರಾಗಿದ್ದ ಡೆಲಾಯ್ಟ್ ಸಂಸ್ಥೆ, ಲೆಕ್ಕಪತ್ರಗಳು ಬಹಳ ಕಾಲದಿಂದ ಬಂದಿಲ್ಲವೆಂದು ಹೇಳಿ ಹೊರನಡೆಯಿತು. ಹೂಡಿಕೆದಾರರ ಪರವಾಗಿದ್ದ ಮೂವರು ನಿರ್ದೇಶಕರೂ ಅದೇ ಸಮಯಕ್ಕೆ ರಾಜೀನಾಮೆ ಕೊಟ್ಟರು. ಮಂಡಳಿಯಲ್ಲಿ ಉಳಿದವರು ಸ್ಥಾಪಕರು, ಅವರ ಪತ್ನಿ ಮತ್ತು ಅವರ ಸೋದರ. ೨೦೨೪ರ ಜುಲೈಯಲ್ಲಿ, ಕ್ರಿಕೆಟ್ ಮಂಡಳಿಗೆ ಸಲ್ಲಬೇಕಾದ ೧೫೮ ಕೋಟಿ ರೂಪಾಯಿಯ ಬಾಕಿಯ ಮೇಲೆ, ಕಂಪೆನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠವು ಕಂಪೆನಿಯನ್ನು ದಿವಾಳಿ ಪ್ರಕ್ರಿಯೆಗೆ ಒಳಪಡಿಸಿತು. ಮೇಲ್ಮನವಿಯಲ್ಲಿ ಅದು ನಿಂತಿತಾದರೂ ಅದೇ ವರ್ಷದ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮೇಲ್ಮನವಿಯ ತೀರ್ಪನ್ನು ತಳ್ಳಿಹಾಕಿತು. ಇದರ ನಡುವೆ ಸಾವಿರಾರು ನೌಕರರು ಕೆಲಸ ಕಳೆದುಕೊಂಡರು. ಮೂವರೂ ಮನೆಯವರೇ ಇರುವ ಮಂಡಳಿ ಕಾನೂನಿಗೆ ವಿರುದ್ಧವಲ್ಲ. ಆದರೆ ಊಟದ ಮೇಜಿನ ಸುತ್ತ ಕುಳಿತವರೇ ಮಂಡಳಿಯ ಸುತ್ತಲೂ ಕುಳಿತರೆ, ಬೇಡವೆನ್ನುವ ಬಾಯಿ ಯಾವುದು? ಸಣ್ಣ ಕಂಪೆನಿಗೂ ಈ ಪ್ರಶ್ನೆ ಅನ್ವಯಿಸುತ್ತದೆ. ತಂದೆ ಮಗ ಇಬ್ಬರೇ ನಿರ್ದೇಶಕರಾಗಿರುವಲ್ಲಿ, ಇಂಗ್ಲಿಷ್ ಕಾಗದ ಓದಲಾಗದ ತಂದೆಯು ಮಗನ ಯಾವ ನಿರ್ಣಯಕ್ಕೆ ತಡೆ ಹಾಕಿಯಾನು?

ಮಾತಿನ ವಿಶ್ವಾಸದ ಮೇಲೆ ನಡೆಯುವುದು ನಮ್ಮವರ ಸದ್ಗುಣ. ಕಂಪೆನಿಯಲ್ಲಿ ಅದೇ ದೋಷವಾಗಿ ಪರಿಣಮಿಸುತ್ತದೆ. ರಂಗರಾಜ್ ವಿರುದ್ಧ ಗೋಪಾಲಕೃಷ್ಣನ್ ಎಂಬ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ೧೯೯೧ರಲ್ಲಿ ಕೊಟ್ಟ ತೀರ್ಪನ್ನು ಪ್ರತಿಯೊಬ್ಬ ಸ್ಥಾಪಕನೂ ತಿಳಿದಿರಬೇಕು. ಕುಟುಂಬದ ಕಂಪೆನಿ, ಇರುವ ಷೇರು ಐವತ್ತು, ಎರಡು ಕವಲುಗಳಿಗೆ ಇಪ್ಪತ್ತೈದಿಪ್ಪತ್ತೈದು. ಒಂದು ಕವಲಿನವನು ಮಾರಬೇಕಾದರೆ ಮೊದಲು ತನ್ನ ಕವಲಿನವರನ್ನೇ ಕೇಳಬೇಕೆಂದು ಹಿರಿಯರ ನಡುವೆ ಬಾಯಿಮಾತಿನ ಒಪ್ಪಂದವಿತ್ತೆಂಬುದು ವಾದ. ಮುಂದಿನ ಪೀಳಿಗೆಯವನೊಬ್ಬನು ಆಚೆಯ ಕವಲಿಗೆ ಮಾರಿಬಿಟ್ಟನು. ಕಂಪೆನಿಯ ನಿಯಮಾವಳಿಯಲ್ಲಿ ಬರೆಯದೆ ಇರುವ ಇಂಥ ನಿರ್ಬಂಧವು ಕಂಪೆನಿಯನ್ನಾಗಲಿ ಷೇರುದಾರರನ್ನಾಗಲಿ ಕಟ್ಟಿಹಾಕುವುದಿಲ್ಲವೆಂದು ನ್ಯಾಯಾಲಯ ಹೇಳಿತು. ಕಾಲೇಜಿನ ಕೊಠಡಿಯಲ್ಲಿ ಒಂದೇ ತಟ್ಟೆಯಲ್ಲಿ ಉಂಡ ಇಬ್ಬರು ಮಿತ್ರರು “ನಿನಗರ್ಧ, ನನಗರ್ಧ” ಎಂದು ಆರಂಭಿಸುವುದನ್ನು ನಾವು ದಿನನಿತ್ಯ ಕೇಳುತ್ತೇವೆ. ಒಂದು ವರ್ಷದಲ್ಲಿ ಒಬ್ಬನು ವಿದೇಶಕ್ಕೆ ಹೊರಟುಹೋದರೆ ಆ ಅರ್ಧ ಯಾರದು? ಕೆಲಸ ಮಾಡಿದ ಕಾಲಕ್ಕೆ ತಕ್ಕಂತೆ, ನಾಲ್ಕು ವರ್ಷಗಳಲ್ಲಿ ಕ್ರಮಕ್ರಮವಾಗಿ ಪಾಲು ಪಕ್ವವಾಗುವ ಏರ್ಪಾಡನ್ನು ಮೊದಲೇ ನಿಯಮಾವಳಿಯಲ್ಲಿ ಬರೆದಿಟ್ಟರೆ ಗೆಳೆತನವೂ ಉಳಿದೀತು, ಕಂಪೆನಿಯೂ ಉಳಿದೀತು. ಸರಿಸಮನಾದ ಪಾಲಿನಲ್ಲಿ ಮತ ಒಡೆದಾಗ ತೀರ್ಮಾನ ಹೇಗೆ ಎಂಬುದಕ್ಕೂ ಒಂದು ವಾಕ್ಯ ಬೇಕು.

ಕಂಪೆನಿಯ ಮನೆ ಎಲ್ಲಿರಬೇಕೆಂಬ ಪ್ರಶ್ನೆಯೂ ಉಂಟು. ಬೆಂಗಳೂರಿನಲ್ಲಿ ೨೦೦೭ರಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ತನ್ನ ಮೂಲ ಕಂಪೆನಿಯನ್ನು ಸಿಂಗಾಪುರದಲ್ಲಿ ನೋಂದಾಯಿಸಿತು. ೨೦೧೮ರಲ್ಲಿ ವಾಲ್‌ಮಾರ್ಟ್ ಅದರ ನೂರಕ್ಕೆ ಎಪ್ಪತ್ತೇಳರಷ್ಟು ಪಾಲನ್ನು ಹದಿನಾರು ಶತಕೋಟಿ ಡಾಲರಿಗೆ ಕೊಂಡಿತು. ಅದನ್ನು ನೋಡಿ ಅನೇಕರು ಸಿಂಗಾಪುರಕ್ಕೋ ಅಮೆರಿಕದ ಡೆಲವೇರ್ ಸಂಸ್ಥಾನಕ್ಕೋ ವಿಳಾಸ ಬದಲಿಸಿದರು. ಈಗ ಗಾಳಿ ತಿರುಗಿದೆ. ಸಿಂಗಾಪುರದಿಂದ ೨೦೨೨ರಲ್ಲಿ ಮರಳಿದ ಫೋನ್‌ಪೇ ಸಂಸ್ಥೆಯ ಹೂಡಿಕೆದಾರರು ಸುಮಾರು ಎಂಟು ಸಾವಿರ ಕೋಟಿ ರೂಪಾಯಿ ತೆರಿಗೆ ತೆತ್ತರು. ನೌಕರರ ಷೇರು ಹಕ್ಕಿನ ಅವಧಿಯೂ ಮತ್ತೆ ಮೊದಲಿನಿಂದ ಎಣಿಕೆಯಾಗಬೇಕಾಯಿತೆಂದು ಅದರ ಸ್ಥಾಪಕರಲ್ಲೊಬ್ಬರು ೨೦೨೩ರಲ್ಲಿ ಹೇಳಿದ್ದರು. ಇಲ್ಲಿಯೇ ಗಿರಾಕಿ, ಇಲ್ಲಿಯೇ ಕೆಲಸ, ಇಲ್ಲಿಯೇ ಮುಂದೆ ಷೇರುಪೇಟೆಗೆ ಹೋಗುವ ಆಸೆ ಇರುವವನಿಗೆ ವಿದೇಶದ ವಿಳಾಸ ಏತಕ್ಕೆಂದು ನಮಗೆ ತಿಳಿಯದು. ನವೋದ್ಯಮಗಳನ್ನು ಕಾಡುತ್ತಿದ್ದ ‘ಏಂಜೆಲ್’ ತೆರಿಗೆಯನ್ನೂ ಸರಕಾರವು ೨೦೨೪ರ ಮುಂಗಡಪತ್ರದಲ್ಲಿ ತೆಗೆದುಹಾಕಿತು.

ಕಂಪೆನಿ ತೆರೆಯುವ ಮಕ್ಕಳಿಗಿಂತ ಅಂಥ ಕಂಪೆನಿಗಳಲ್ಲಿ ದುಡಿಯುವ ಮಕ್ಕಳೇ ನಮ್ಮಲ್ಲಿ ಹೆಚ್ಚು. ಸಂಬಳ ಸ್ವಲ್ಪ ಕಡಿಮೆ, ಅದಕ್ಕೆ ಬದಲಾಗಿ ‘ಈಸಾಪ್’ ಎಂದು ಅವರಿಗೆ ಹೇಳುತ್ತಾರೆ. ಅದು ಷೇರಲ್ಲ, ಮುಂದೊಂದು ದಿನ ಗೊತ್ತಾದ ಬೆಲೆಗೆ ಷೇರು ಕೊಳ್ಳುವ ಹಕ್ಕು. ಕನಿಷ್ಠ ಒಂದು ವರ್ಷ ಕಾಯದೆ ಆ ಹಕ್ಕು ಪಕ್ವವಾಗುವುದಿಲ್ಲ. ಹತ್ತು ರೂಪಾಯಿಗೆ ಕೊಂಡ ಷೇರಿನ ಅಂದಿನ ಬೆಲೆ ಐನೂರೆಂದು ಲೆಕ್ಕ ಹಾಕಿದರೆ, ನಡುವಣ ನಾನೂರ ತೊಂಬತ್ತು ರೂಪಾಯಿ ಸಂಬಳವೆಂದೇ ಪರಿಗಣಿತವಾಗಿ ತೆರಿಗೆ ಬೀಳುತ್ತದೆ. ಸರಕಾರದ ಪ್ರಮಾಣಪತ್ರವಿರುವ ಕೆಲವು ನವೋದ್ಯಮಗಳ ನೌಕರರಿಗೆ ಮಾತ್ರ ಆ ತೆರಿಗೆಯನ್ನು ಮುಂದೂಡುವ ಸೌಲಭ್ಯವುಂಟು. ಪ್ರೈವೇಟ್ ಕಂಪೆನಿಯ ಷೇರಿಗೆ ಪೇಟೆಯಿಲ್ಲವಾದ್ದರಿಂದ ತೆರಿಗೆ ಕಟ್ಟಲು ಅದನ್ನು ಮಾರಲೂ ಆಗದು. ಇನ್ಫೋಸಿಸ್ ಸಂಸ್ಥೆ ೧೯೯೪ರಲ್ಲಿ ನೌಕರರಿಗೆ ಷೇರು ಹಕ್ಕು ಕೊಟ್ಟು ಅನೇಕ ಮನೆಗಳಲ್ಲಿ ದೀಪ ಹಚ್ಚಿದ್ದು ನಿಜ. ಆದರೆ ಅದು ೧೯೯೩ರಲ್ಲೇ ಷೇರುಪೇಟೆಗೆ ಬಂದಿದ್ದ ಸಂಸ್ಥೆಯೆಂಬುದನ್ನು ಮರೆಯಬಾರದು. ನಿಮ್ಮ ಮಕ್ಕಳು ಕೇಳಬೇಕಾದದ್ದು ಎಷ್ಟು ಸಾವಿರ ಷೇರು ಎಂದಲ್ಲ. ಒಟ್ಟು ಷೇರು ಎಷ್ಟು, ತಮಗಿಂತ ಮುಂದೆ ಸಾಲಿನಲ್ಲಿ ನಿಂತ ಹೂಡಿಕೆದಾರರ ಹಣ ಎಷ್ಟು, ಕೆಲಸ ಬಿಟ್ಟರೆ ಎಷ್ಟು ದಿನದೊಳಗೆ ಕೊಳ್ಳಬೇಕು ಎಂದು ಕೇಳಬೇಕು. ಉತ್ತರ ಕೊಡಲು ಹಿಂಜರಿಯುವ ಕಂಪೆನಿಯಲ್ಲಿ ಸಂಬಳವನ್ನೇ ಹೆಚ್ಚು ಕೇಳುವುದು ಜಾಣತನ.

ಈಗ ಆ ಎರಡನೆಯ ಹೆಸರಿನ ವಿಷಯ. ನಿರ್ದೇಶಕನಾಗುವುದೆಂದರೆ ಮದುವೆಯ ಕಾಗದದಲ್ಲಿ ಹಿರಿಯರ ಹೆಸರು ಅಚ್ಚುಹಾಕಿಸಿದಂತಲ್ಲ. ಷೇರುದಾರನ ಹೊಣೆ ಸೀಮಿತ; ನಿರ್ದೇಶಕನ ಹೊಣೆ ಹಾಗಲ್ಲ. ವ್ಯಾಪಾರ ನಡೆಯಲಿ ಬಿಡಲಿ, ಕಂಪೆನಿಯ ಲೆಕ್ಕ ಪ್ರತಿ ವರ್ಷ ಪರಿಶೋಧನೆಯಾಗಬೇಕು. ಲೆಕ್ಕಪತ್ರವೂ ವಾರ್ಷಿಕ ವಿವರಣೆಯೂ ರಿಜಿಸ್ಟ್ರಾರರಿಗೆ ಸಲ್ಲಬೇಕು. ೨೦೧೮ರಲ್ಲಿ ಜಾರಿಗೆ ಬಂದ ನಿಯಮದಂತೆ ತಡವಾದ ಪ್ರತಿ ದಿನಕ್ಕೆ ಒಂದೊಂದು ಪತ್ರಕ್ಕೂ ನೂರು ರೂಪಾಯಿ ಹೆಚ್ಚುವರಿ ಶುಲ್ಕ. ಎರಡು ಪತ್ರ, ಒಂದು ವರ್ಷ ಎಂದರೆ ಎಪ್ಪತ್ತಮೂರು ಸಾವಿರ. ಸತತ ಮೂರು ವರ್ಷ ಸಲ್ಲಿಸದಿದ್ದರೆ ನಿರ್ದೇಶಕರು ಐದು ವರ್ಷ ಅನರ್ಹರು. ೨೦೧೭ರಲ್ಲಿ ಸರಕಾರವು ಎರಡು ಲಕ್ಷಕ್ಕೂ ಮೀರಿ ಕಂಪೆನಿಗಳ ಹೆಸರು ಹೊಡೆದುಹಾಕಿ ಮೂರು ಲಕ್ಷದಷ್ಟು ನಿರ್ದೇಶಕರನ್ನು ಅನರ್ಹರೆಂದು ಸಾರಿದ್ದು ಇದೇ ಕಾರಣಕ್ಕೆ. ಪ್ರೈವೇಟ್ ಕಂಪೆನಿಯಿಂದ ವಸೂಲಾಗದ ಆದಾಯ ತೆರಿಗೆಯನ್ನು, ತನ್ನ ಅಲಕ್ಷ್ಯವಿರಲಿಲ್ಲವೆಂದು ಸಿದ್ಧಪಡಿಸಲಾರದ ನಿರ್ದೇಶಕನಿಂದ ವಸೂಲು ಮಾಡಲು ಕಾನೂನಿದೆ. ಬ್ಯಾಂಕು ಕೇಳಿತೆಂದು ಸಾಲಕ್ಕೆ ಸ್ವಂತ ಜಾಮೀನು ಕೊಟ್ಟರಂತೂ ಲಿಮಿಟೆಡ್ ಎಂಬ ಪದದ ರಕ್ಷಣೆ ಅಲ್ಲಿಗೆ ಮುಗಿಯಿತು. ಅಂಥ ಜಾಮೀನುದಾರರ ಮೇಲೂ ದಿವಾಳಿ ಪ್ರಕ್ರಿಯೆ ಹೂಡಬಹುದೆಂದು ಸರ್ವೋಚ್ಚ ನ್ಯಾಯಾಲಯವು ೨೦೨೧ರಲ್ಲಿ ಎತ್ತಿಹಿಡಿದಿದೆ. ರಾಜೀನಾಮೆ ಕೊಟ್ಟು ಹೊರಬರಬಹುದು, ನಿಜ. ಅಧಿಕಾರದಲ್ಲಿದ್ದ ಕಾಲದ ತಪ್ಪುಗಳ ಹೊಣೆ ರಾಜೀನಾಮೆಯೊಂದಿಗೆ ಅಳಿಯುವುದಿಲ್ಲ. ಈಗಿನ ರುಜುವಾದರೂ ಲೇಖನಿಯದಲ್ಲ, ಡಿಜಿಟಲ್ ರುಜು; ಅದರ ಕೀಲಿಯನ್ನು ಮಗನ ಬಳಿಯೋ ಲೆಕ್ಕಿಗನ ಬಳಿಯೋ ಬಿಟ್ಟು ತಂದೆ ನಿಶ್ಚಿಂತನಾಗಿರುವುದೇ ವಾಡಿಕೆ. ಕೈಯೆತ್ತಿ ಬರೆಯದೆ ಬಿದ್ದ ರುಜುವಿಗೂ ಕೈಯ ರುಜುವಿನಷ್ಟೇ ಬೆಲೆ.

ನಮ್ಮ ಸಲಹೆ ಇದು. ಹಣದ ಮಾತು ಇನ್ನೂ ಕೈಗೂಡದ ತರುಣನು ಏಕವ್ಯಕ್ತಿ ಕಂಪೆನಿಯಾಗಿ ಆರಂಭಿಸಲಿ. ಹೂಡಿಕೆದಾರ ಬಂದಾಗ ಅದನ್ನು ಪ್ರೈವೇಟ್ ಲಿಮಿಟೆಡ್ ಆಗಿ ಪರಿವರ್ತಿಸಲು ಅವಕಾಶವಿದೆ. ಅದು ಆಗದಿದ್ದಲ್ಲಿ, ತಂದೆ ಷೇರುದಾರನಾಗಲಿ, ನಿರ್ದೇಶಕನ ಸ್ಥಾನಕ್ಕೆ ಕೆಲಸ ಬಲ್ಲ ಇನ್ನೊಬ್ಬನನ್ನು ಹುಡುಕಲಿ. ತಂದೆಯ ಎಂಟು ಲಕ್ಷ ಸಾಲವೋ ಷೇರೋ ಎಂಬುದು ಕಾಗದದ ಮೇಲೆ ಸ್ಪಷ್ಟವಾಗಿರಲಿ. ಸಾಲವಾದರೆ ಕಂಪೆನಿ ಮುಳುಗಿದಾಗ ಅವರು ಷೇರುದಾರರಿಗಿಂತ ಮುಂದಿನ ಸಾಲಿನಲ್ಲಿ ನಿಲ್ಲುತ್ತಾರೆ, ಅಡವು ಪಡೆದ ಬ್ಯಾಂಕಿನ ಹಿಂದೆ. ಷೇರಾದರೆ ಎಲ್ಲರಿಗಿಂತ ಕೊನೆಗೆ. ಎರಡೂ ಅಲ್ಲದೆ “ಅಪ್ಪ ಕೊಟ್ಟದ್ದು” ಎಂದಷ್ಟೇ ಉಳಿದರೆ ಕೇಳುವ ಹಕ್ಕೇ ಇರುವುದಿಲ್ಲ.

ನಮ್ಮ ಕನ್ನಡ ಸಂಘಗಳಿಗೂ ಒಂದು ಮಾತು. ವರ್ಷಕ್ಕೊಮ್ಮೆ ಯಕ್ಷಗಾನ, ನಾಡಹಬ್ಬ, ಸನ್ಮಾನಗಳನ್ನು ಏರ್ಪಡಿಸುವ ಸಭಾಗೃಹಗಳಲ್ಲಿ ಒಂದು ಭಾನುವಾರದ ಸಂಜೆಯನ್ನು ಇದಕ್ಕೆ ಮೀಸಲಿಡಲಿ. ನಮ್ಮಲ್ಲಿ ಕಂಪೆನಿ ಸೆಕ್ರೆಟರಿಗಳಿಗೂ ಚಾರ್ಟರ್ಡ್ ಅಕೌಂಟೆಂಟರಿಗೂ ಬರವಿಲ್ಲ. ಅವರಲ್ಲಿ ಎಷ್ಟೋ ಜನ ಹೊಟೇಲು ಕಾರ್ಮಿಕರ ಮಕ್ಕಳೇ. ನಿಯಮಾವಳಿ ಎಂದರೇನು, ನಿರ್ದೇಶಕನ ಹೊಣೆ ಏನು, ಈಸಾಪ್ ಕಾಗದವನ್ನು ಹೇಗೆ ಓದಬೇಕು ಎಂಬುದನ್ನು ಅವರು ಕನ್ನಡದಲ್ಲಿ ಎರಡು ಗಂಟೆ ವಿವರಿಸಿದರೆ, ಸನ್ಮಾನದ ಶಾಲಿಗಿಂತ ಹೆಚ್ಚು ಬೆಚ್ಚಗಾದೀತು.

ನಮ್ಮಲ್ಲಿಗೆ ಬಂದ ಗೃಹಸ್ಥರು ಕಾಗದದ ಕಟ್ಟನ್ನು ಕೈಚೀಲದೊಳಗಿಟ್ಟು ಹೊರಟರು. ಹಣ ಕೊಡಲು ಅವರಿಗೆ ಮನಸ್ಸಿದೆ. ಅದು ಸಾಲವೆಂದು ಬರೆಸಿಕೊಳ್ಳಲು ಸಂಕೋಚ. “ಮಗನ ಹತ್ತಿರ ಪ್ರೊನೋಟು ಕೇಳುವುದು ಹೇಗೆ?” ಎಂದು ಬಾಗಿಲಲ್ಲಿ ನಿಂತು ಕೇಳಿದರು. ಮೂವತ್ತು ವರ್ಷ ಗಲ್ಲೆಯಲ್ಲಿ ಕುಳಿತಾಗ ಧಣಿಯ ಸ್ವಂತ ಮಗನು ಹಣ ತೆಗೆದರೂ ಚೀಟಿ ಬರೆಸಿಕೊಳ್ಳುತ್ತಿದ್ದಿರಲ್ಲ ಎಂದೆವು. ನಕ್ಕರು. ಆ ರಾತ್ರಿಯೇ ಮಗನಿಗೆ ಫೋನ್ ಮಾಡುವುದಾಗಿ ಹೇಳಿಹೋಗಿದ್ದಾರೆ.